ಖಾಲಿ ಹೊಟ್ಟೆಯ ಪ್ರಸಾದ

ಅಪ್ಪನ ಮೀಸೆಯ ಎಡತುದಿಯಲ್ಲಿ ಒಂದು ಸಕ್ಕರೆ ಹರಳು ಅಂಟಿತ್ತು. ಬಸವನ ಬಾಗೇವಾಡಿಯ ಲ್ಯಾಬಿನಲ್ಲಿ ಸೂಜಿ ಚುಚ್ಚುವ ಮುಂಚೆ ನಾನು ಅದನ್ನು ಕಂಡೆ. ಸಕ್ಕರೆ ಕಾಯಿಲೆಯಿಂದ ದೊಡ್ಡಪ್ಪನ ಕಾಲು ತೆಗೆದ ಮೇಲೆ, ಆರು ತಿಂಗಳು ಬೆನ್ನುಹತ್ತಿ ಅಪ್ಪನನ್ನು ಈ ಪರೀಕ್ಷೆಗೆ ಒಪ್ಪಿಸಿದ್ದೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಮೂರು ಸಲ ಹೇಳಿದ್ದೆ.

“ಅಪ್ಪಾ, ಏನ್ ತಿಂದ್ರಿ?”

“ಏನೂ ತಿಂದಿಲ್ಲವ್ವಾ. ಲಿಂಗಪೂಜಿ ಮಾಡಿ ಒಂದ್ ಚಮಚಾ ಸಕ್ರಿ ಪ್ರಸಾದ ತಗೊಂಡೇನಿ. ಪ್ರಸಾದ ಊಟ ಅಕ್ಕೈತೇನು?”

ರಕ್ತ ತೆಗೆಯುವ ಹೆಣ್ಣುಮಗಳು ಸೂಜಿ ಕೆಳಗಿಟ್ಟು ನಕ್ಕಳು. “ಕಾಕಾ, ದೇವರಿಗೆ ನಡೀತೈತಿ, ನಮ್ಮ ಮಷೀನಿಗೆ ನಡಿಯಂಗಿಲ್ರಿ. ನಾಳೆ ಬರ್ರಿ.”

“ಪೂಜಿ ಬಿಟ್ಟು ಬರಬೇಕೇನು? ಹಂಗಾದ್ರ ನಾ ಬರಂಗಿಲ್ಲ,” ಎಂದು ಅಪ್ಪ ಎದ್ದರು.

ಈಗ ಬಿಟ್ಟರೆ ಮತ್ತೆ ಕೈಗೆ ಸಿಗುವವರಲ್ಲ ಎಂದು ನನಗೆ ಗೊತ್ತಿತ್ತು. “ಪೂಜಿ ಬಿಡಬ್ಯಾಡ್ರಿ,” ಎಂದಷ್ಟೇ ಹೇಳಿದೆ.

ಮರುದಿನ ಬೆಳಿಗ್ಗೆ ಪೂಜೆಗೆ ನಾನೇ ಅಣಿ ಮಾಡಿದೆ. ವಿಭೂತಿ, ಹೂ, ಪತ್ರಿ ಎಲ್ಲ ಇಟ್ಟೆ. ನೈವೇದ್ಯಕ್ಕೆ ಸಕ್ಕರೆಯ ಬದಲು ಬಟ್ಟಲಲ್ಲಿ ನೀರಿಟ್ಟೆ. ಅಪ್ಪ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು, ಕಣ್ಣು ಮುಚ್ಚಿ ಪೂಜೆಗೆ ಕುಳಿತರು. ಅವರ ಚಪ್ಪಲಿಯನ್ನು ಬಾಗಿಲಿಗೆ ತಂದಿಟ್ಟು ನಾನು ಕಾದು ನಿಂತೆ.