ಹರಿಯುವ ನೀರಿನ ಚಿಪ್ಪು ಗುರುತಿಸಿದ ಯಂಕಮ್ಮ

ಯಂಕಮ್ಮನಿಗೆ ಐವತ್ತೆರಡು. ಶಹಾಬಾದ್ ಹತ್ತಿರ ಕಾಗಿಣಾ ಹೊಳೆಯ ದಂಡೆಯಲ್ಲೇ ಹುಟ್ಟಿ, ಹೊಳೆಯಲ್ಲಿ ಮೀನು ಹಿಡಿದು, ಕಪ್ಪೆಚಿಪ್ಪು ಆರಿಸಿ ಮಾರಿ ಬದುಕಿದವಳು. ಶಾಲೆಗೆ ಹೋಗಿದ್ದು ಎರಡೇ ವರ್ಷ.

ಸೇಡಂನ ಪ್ರಮಿತಾ ಹಳೆಯ ಕಾಲದ ಮಳೆಯ ಸಂಶೋಧನೆಗೆಂದು ಬಂದಾಗ, ಹಳೆಯ ಚಿಪ್ಪು ಸಿಗುವ ಜಾಗ ತೋರಿಸಲು ಇವಳನ್ನೇ ಕರೆದುಕೊಂಡಳು. ಕುಸಿದ ದಂಡೆಯಲ್ಲಿ, ಆಳುದ್ದ ಮಣ್ಣಿನ ಕೆಳಗೆ ಚಿಪ್ಪಿನ ಸಾಲೊಂದು ಇತ್ತು. ನಡುನಡುವೆ ಇದ್ದಿಲು, ಹಿಂದೆ ಯಾರೋ ಕಪ್ಪೆಚಿಪ್ಪು ಸುಟ್ಟು ತಿಂದ ಗುರುತು. ಪರೀಕ್ಷೆ ಮಾಡಿಸಿದಾಗ ಆ ಇದ್ದಿಲಿಗೆ ಸುಮಾರು ಎಂಟುನೂರು ವರ್ಷ.

ನೀರಿನ ಆಮ್ಲಜನಕದಲ್ಲಿ ಭಾರದ್ದು, ಹಗುರದ್ದು ಎಂದು ಐಸೋಟೋಪ್‌ಗಳಿವೆ. ಬಿಸಿಲಿಗೆ ನೀರು ಆವಿಯಾಗುವಾಗ ಹಗುರದ್ದು ಹೆಚ್ಚು ಹಾರಿಹೋಗಿ ಭಾರದ್ದು ಉಳಿಯುತ್ತದೆ. ಮುಂಗಾರಿನ ಹೊಸ ನೀರು ಬಂದರೆ ಮತ್ತೆ ಹಗುರದ್ದು ತುಂಬುತ್ತದೆ. ಚಿಪ್ಪು ಬೆಳೆಯುತ್ತ ಇದನ್ನೆಲ್ಲ ಪದರ ಪದರವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆ ಹಳೆಯ ಚಿಪ್ಪುಗಳಲ್ಲಿ ನಾಲ್ಕು ವರ್ಷ ಒಂದೇ ಸಮನೆ ಭಾರದ್ದೇ ಇತ್ತು. ಮುಂಗಾರು ಕೈಕೊಟ್ಟ ಕಾಲವೇ ಸಿಕ್ಕಿತೆಂದು ಪ್ರಮಿತಾ ಹಿಗ್ಗಿದಳು. ಆದರೆ ಅವಳ ಮಾರ್ಗದರ್ಶಕ ಪವಮಾನ ಸರ್ ಒಪ್ಪಲಿಲ್ಲ.

"ನಿಂತ ನೀರಿನ ಮಡುವಿನ್ಯಾಗ ಬೆಳದ ಚಿಪ್ಪಾದ್ರೂ ಹಿಂಗೇ ಬರ್ತದ. ಮಳಿ ಆಗಿಲ್ಲ ಅಂತ ಹೆಂಗ ಬರೀತಿ? ಇವನ್ನ ಬಿಡು."

ಎರಡು ವರ್ಷದ ದುಡಿಮೆ. ಪ್ರಮಿತಾ ದಂಡೆಗೆ ಬಂದು ಯಂಕಮ್ಮನ ಮುಂದೆ ಎಲ್ಲ ಹೇಳಿಕೊಂಡಳು. ಸಂಗತಿ ಕೇಳಿ ಯಂಕಮ್ಮ ಆ ಹಳೆಯ ಚಿಪ್ಪುಗಳನ್ನೆಲ್ಲ ಸವರಿ ನೋಡಿ, ಒಂದನ್ನು ಎತ್ತಿ ಹಿಡಿದಳು.

"ಇವು ಮಡುವಿನವಲ್ಲರಿ ಬಾಯಾರ. ಹರಿಯೋ ನೀರಿನವು."

"ಹೆಂಗ ಗೊತ್ತಾಗ್ತದ ಯಂಕಮ್ಮಕ್ಕ?"

"ಇದರ ನೆತ್ತಿ ನೋಡ್ರಿ, ಈ ಉಬ್ಬಿದ ಜಾಗ ಸವದಾದ. ಹರಿಯೋ ನೀರಿನ ಉಸುಕು ಬಡಿದ್ರ ಹಿಂಗಾಗ್ತದ. ಮಡುವಿನ ಚಿಪ್ಪು ಭಾಳ ತೆಳ್ಳಗ, ನೆತ್ತಿ ನುಣ್ಣಗ ಇರ್ತದ."

ಬಾಯಿಮಾತು ನಂಬುವವರಲ್ಲ ಪವಮಾನ ಸರ್. ಆದರೂ ತಾವೇ ಬಂದರು. ಇವಳಿಗೆ ತೋರಿಸದೆ ಹೊಳೆಯ ಬೇರೆ ಬೇರೆ ಕಡೆಯಿಂದ ಇಪ್ಪತ್ತು ಚಿಪ್ಪು ತೆಗೆಸಿ, ನಂಬರ್ ಹಾಕಿ ಗೋಣಿತಟ್ಟಿನ ಮೇಲೆ ಹರಡಿದರು. ಯಂಕಮ್ಮ ಒಂದೊಂದನ್ನೂ ಸವರಿ ನೋಡಿ ಎರಡು ಗುಂಪು ಮಾಡಿದಳು. ಸರ್ ತಮ್ಮ ಪಟ್ಟಿ ತೆರೆದರು.

"ಹತ್ತೊಂಬತ್ತು ಸರಿ. ಹದಿನಾಲ್ಕನೇದು ತಪ್ಪು. ಅದನ್ನ ನಾನೇ ಮಡುವಿನಿಂದ ತೆಗಿಸೀನಿ."

"ತಪ್ಪಿಲ್ಲರಿ ಸರ್. ಬೆಳದಿದ್ದು ಹರಿಯೋ ನೀರಿನ್ಯಾಗ. ಮೊನ್ನಿ ಹೊಳಿ ಬಂದಾಗ ಕೊಚ್ಚಿ ಬಂದು ಮಡುವಿಗಿ ಬಿದ್ದಾದ."

ಸರ್ ನಕ್ಕರು. ಆದರೂ ಹದಿನಾಲ್ಕನೇದನ್ನು ಪ್ರಯೋಗಾಲಯಕ್ಕೆ ಕಳಿಸಿದರು. ತಿಂಗಳ ಮೇಲೆ ಫಲಿತಾಂಶ ಬಂತು: ಅಂಚಿನ ಒಂದೇ ಒಂದು ಪದರ ಮಡುವಿನದು, ಮಿಕ್ಕದ್ದೆಲ್ಲ ಹರಿಯುವ ನೀರಿನದು!

ಅವತ್ತೇ ಪವಮಾನ ಸರ್ ಫೋನ್ ಮಾಡಿದರು. "ಯಂಕಮ್ಮ, ನೀವು ಗೆದ್ರಿ. ಹಳೇ ಚಿಪ್ಪೂ ಹರಿಯೋ ನೀರಿನವೇ ಅಂದ ಮ್ಯಾಲ ಆ ನಾಲ್ಕು ವರ್ಷ ಮುಂಗಾರು ಕೈಕೊಟ್ಟಿದ್ದು ಖರೇ."

ಪ್ರಬಂಧ ಅಚ್ಚಾದಾಗ ಬರೆದವರ ಸಾಲಿನಲ್ಲಿ ಪ್ರಮಿತಾಳ ಪಕ್ಕದಲ್ಲೇ ಯಂಕಮ್ಮನ ಹೆಸರಿತ್ತು. ಕಲಬುರಗಿಯ ವಿಚಾರಗೋಷ್ಠಿಗೆ ಇಳಕಲ್ ಸೀರೆ ಉಟ್ಟು ಹೋದಳು. ಮೈಕನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಧೈರ್ಯ ಮಾಡಿ, "ನಮ್ಮ ಹೊಳಿ ಬಗ್ಗೆ ಏನರ ಕೇಳೋದಿದ್ರ ಕೇಳ್ರಿ" ಅಂದಳು.

ಕೇಳಿದರು. ಊಟದ ಹೊತ್ತು ಮೀರಿದರೂ ಒಬ್ಬರೂ ಏಳಲಿಲ್ಲ.