ಕಾಕಾ ಬರೆದುಕೊಂಡ ಬೀಳು ಹೊಲ

ನಮ್ಮ ಕಾಕಾನ ಬಲಗೈ ಬೆರಳುಗಳ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಕಂಪ್ಯೂಟರಿನ ಪ್ರಿಂಟರ್ ರಿಬ್ಬನ್ನಿನ ಮಸಿ. ಊಟಕ್ಕೆ ಕೂಡುವ ಮುಂಚೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ, ಹೋಗುತ್ತಿರಲಿಲ್ಲ. "ಇರ್ಲಿ ಬಿಡವಾ, ರೊಟ್ಟಿಗೇನೂ ಹತ್ತೂದಿಲ್ಲ" ಎಂದು ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದ.

ಕಾಕಾ ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಉಪಗ್ರಹ ತೆಗೆದ ಚಿತ್ರ ನೋಡಿ ಯಾವ ಹೊಲದಲ್ಲಿ ಯಾವ ಬೆಳೆ ಇತ್ತೆಂದು ಕಂಪ್ಯೂಟರೇ ಹೇಳಬೇಕು, ಅಂಥ ಪ್ರೋಗ್ರಾಮು ಬರೆಯುವ ಹುಚ್ಚು ಅವನಿಗೆ. "ಮೊದಲ ನಾವ ಕಲಿಸಬೇಕವಾ. ಇದು ಹತ್ತಿ, ಇದು ಜ್ವಾಳ ಅಂತ ನಾಕು ಹೊಲ ತೋರಿಸಿದ್ರ, ಉಳಿದಾವನ್ನ ತಾನ ಗುರ್ತ ಹಿಡೀತೈತಿ" ಎನ್ನುತ್ತಿದ್ದ. ಆ ಮಾದರಿ ಹೊಲಗಳನ್ನು ಹುಡುಕಿಕೊಂಡು ಬಂದದ್ದೆಲ್ಲಿಗೆ? ನಾನು ಲಗ್ನವಾಗಿ ಹೋಗಿದ್ದ ಮೊರಬಕ್ಕೆ! ಬೇರೆ ಊರೇ ಸಿಗಲಿಲ್ಲವೇ ಇವನಿಗೆ?

ನೀರಿನ ಕರದ ಗದ್ದಲವಾಗಿ ಬಹಳ ದಿನವಾಗಿರಲಿಲ್ಲ. ಕಾಲುವೆ ನೀರು ಹಾಯ್ದ ಹೊಲಕ್ಕೆಲ್ಲ ಕರ ಎಂದು ಸರ್ಕಾರದವರು ಹೇಳಿದ್ದರು, ಗೋಲಿಬಾರೂ ಆಗಿತ್ತು. ಕಾಗದ ಹಿಡಿದು ಬಂದವರೆಲ್ಲ ಊರಿನ ಕಣ್ಣಿಗೆ ಕರ ಹಾಕುವವರೇ. ಕಾಕಾ ಬದುವಿನ ಮೇಲೆ ನಿಂತು "ಹ್ವಾದ ವರ್ಷ ಇಲ್ಲೇನ ಬೆಳದಿದ್ರಿ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಏನೂ ಇಲ್ರಿ, ಬೀಳ ಬಿದ್ದಿತ್ರಿ." ಊರಿಗೆ ಊರೇ ಹತ್ತಿ ಬಿಡಿಸಿತ್ತು. ನಾನೂ ಬಿಡಿಸಿದ್ದೆ.

ಸಂಜೆ ನಮ್ಮ ಕಟ್ಟೆಯ ಮೇಲೆ ಮಂದಿ ಕೂಡಿದರು. ಒಬ್ಬರೂ ಜೋರಾಗಿ ಮಾತಾಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ. ಮಾವನವರು ಕೇಳಿದರು: "ಬೀಗರ, ನಿಮ್ಮ ಮಷೀನಿಗೆ ಮ್ಯಾಲಿಂದ ಎಲ್ಲಾ ಕಾಣತೈತೇನ್ರಿ?"

"ಕಾಣತೈತ್ರಿ. ಆದ್ರ ಕಂಡಿದ್ದು ಏನಂತ ನಾವ ಹೇಳಿಕೊಡಬೇಕು. ಖರೆ ಹೇಳಾವ್ರು ಒಬ್ಬರಿದ್ರ ಸಾಕ್ರಿ, ಉಳಿದದ್ದೆಲ್ಲಾ ಅದ ಹೇಳತೈತಿ."

ಖರೆ ಗೊತ್ತಿದ್ದ ಆ ಒಬ್ಬ ಕಾಕಾನೇ! ಹೋದ ವರ್ಷ ನಮ್ಮ ಹೊಲದ ಹತ್ತಿ ತುಂಬಿಸಿ ಅವನಿಗೆ ಗಾದಿ ಕಳಿಸಿದವಳು ನಾನು, ದಿನಾ ಅದರ ಮೇಲೇ ಮಲಗುತ್ತಿದ್ದ. ಅವನು ಬಾಯಿಬಿಟ್ಟರೆ ಊರೆಲ್ಲ ಸಿಕ್ಕಿಬೀಳುತ್ತಿತ್ತು, ಅದೂ ಹೊಸ ಸೊಸೆಯ ತವರಿನವರಿಂದ. ಆಮೇಲೆ ಆ ಮನೆಯಲ್ಲಿ ನನ್ನನ್ನು ಯಾರು ಇಟ್ಟುಕೊಳ್ಳುತ್ತಿದ್ದರು? ಬಾಗಿಲ ಮರೆಯಲ್ಲಿ ನನ್ನ ಕೈಯೊಳಗಿನ ಚಹಾದ ಕಪ್ಪು-ಬಸಿ ಗಡಗಡ ಸದ್ದು ಮಾಡತೊಡಗಿದವು.

ಕಾಕಾ ಆ ಸದ್ದಿಗೆ ತಿರುಗಿ ನನ್ನ ಮುಖ ನೋಡಿದ. ಆಮೇಲೆ ಮಾವನವರ ಕಡೆ ತಿರುಗಿದ. "ನಿಮ್ಮ ಹೊಲದಾಗ ಏನಿತ್ರಿ, ಬೀಗರ?"

ಮಾವನವರು ಹೆಗಲ ಟವೆಲು ಸರಿಮಾಡಿಕೊಂಡರು. "ಬೀಳ... ಬೀಳ ಬಿದ್ದಿತ್ರಿ."

"ಹೌದ್ರಿ. ಬೀಳ ಅಂತ ಬರಕೊಂಡೆ." ಬರೆದು, ಪೆನ್ನು ಜೇಬಿಗೆ ಸಿಕ್ಕಿಸಿ, "ತಾರವಾ ಚಹಾ" ಎಂದ.

ಕಂಪ್ಯೂಟರು ಬೀಳು ಹೊಲಕ್ಕೆ ಚುಕ್ಕೆ ಹಾಕುತ್ತಿತ್ತಂತೆ. ಇಡೀ ಮೊರಬ ಚುಕ್ಕೆ ಚುಕ್ಕೆಯಾಗಿ ಅಚ್ಚಾಗಿ ಬಂತು. ಕಾಲೇಜಿನವರು ನಕ್ಕರಂತೆ. ಮುಂದಿನ ಸಲ ಬಂದಾಗ ಅವನೂ ನಕ್ಕ. "ನಿನ್ನ ಬಸಿ ಸಪ್ಪಳ ಇನ್ನೂ ಕಿವ್ಯಾಗೈತಿ ನೋಡು" ಎಂದ.

ಎಂಬತ್ತರ ದಶಕ ಮುಗಿಯುವುದರೊಳಗೆ ಕಾಕಾ ಎದೆನೋವಿನಿಂದ ಹೋಗಿಬಿಟ್ಟ. ಮಣ್ಣು ಕೊಡುವುದಕ್ಕೆ ಮಾವನವರೂ ನಾನೂ ಹೋದೆವು. ಅವನ ಶಿಷ್ಯನೊಬ್ಬ ನನ್ನ ಬಳಿ ಬಂದ. "ಅಕ್ಕಾರ, ಸರ್ ಪ್ರತಿ ವರ್ಷ ಮಾದರಿ ಅಂತ ಒಂದು ಪ್ರೋಗ್ರಾಮ್ ಕೊಡ್ತಿದ್ರು. ಓಡಿಸಿದ್ರ ಇಡೀ ಊರು ಬೀಳ ಅಂತ ಬರತಿತ್ತು. ತಪ್ಪು ಹುಡುಕ್ರಿ ಅಂತಿದ್ರು. ಒಂದು ಸಾಲೂ ತಪ್ಪಿರಲಿಲ್ರಿ! ತಪ್ಪು ಎಲ್ಲೈತಿ ಅಂತ ನಿಮಗೇನರ ಹೇಳಿದ್ರೇನ್ರಿ?"

ಬಾಜು ನಿಂತಿದ್ದ ಮಾವನವರು ಹೆಗಲ ಟವೆಲನ್ನು ಬಾಯಿಗೊತ್ತಿಕೊಂಡರು.

"ಇಲ್ರಿ, ನನಗೇನೂ ಹೇಳಿಲ್ಲ" ಎಂದೆ.

ನಮ್ಮಲ್ಲಿಯ ಪದ್ಧತಿಯಂತೆ ಕಾಕಾನನ್ನು ಜಳಕ ಮಾಡಿಸಿ ಕೂಡಿಸಿದ್ದರು. ಅವನ ಕೈ ಹಿಡಿದು ನೋಡಿದೆ. ಯಾರೋ ತಿಕ್ಕಿ ತಿಕ್ಕಿ ತೊಳೆದಿದ್ದರು. ಮಸಿ ಹೋಗಿರಲಿಲ್ಲ.