ಎದ್ದು ನಿಲ್ಲದ ಬೆಟ್ಟ

ನಾನು ಬಗ್ಗಿಸಿದ ಚಹಾ ಲೋಟದೊಳಗೆ ಬೀಳದೆ ಮೇಜಿನ ಮೇಲೆ ಬಿತ್ತು. ಲಂಡನ್ನಿನ ಹೊರವಲಯದ ಹ್ಯಾರೋದ ನಮ್ಮ ಅಡುಗೆಮನೆಯಲ್ಲಿ ಒಂದೇ ವಾರದಲ್ಲಿ ಮೂರನೆಯ ಸಲ ಹೀಗಾದ ಮೇಲೆ, ನನ್ನವರು ಒರೆಸುವ ಬಟ್ಟೆ ಹಿಡಿದುಕೊಂಡೇ ತಿಂಡಿಗೆ ಕೂರತೊಡಗಿದರು. ನಗಬೇಡಿ, ಒಂದು ಕಣ್ಣಿನ ದೃಷ್ಟಿ ಹೋದವರಿಗೆ ಲೋಟದ ಅಂಚು ಎಷ್ಟು ದೂರದಲ್ಲಿದೆಯೆಂದು ಬೇಗ ತಿಳಿಯುವುದಿಲ್ಲ. ಬಣ್ಣವೂ ಬೆಳಕೂ ಇದ್ದಲ್ಲೇ ಇರುತ್ತವೆ, ಆಳ ಮಾತ್ರ ನಮ್ಮನ್ನು ಬಿಟ್ಟುಹೋಗಿರುತ್ತದೆ. ಚೆಲ್ಲಿದ ಚಹಾಕ್ಕೆ ನಾನು ಅಳಲಿಲ್ಲ. ಅತ್ತದ್ದು ಒಂದು ಪರ್ವತಶ್ರೇಣಿಗಾಗಿ.

ತೊಂಬತ್ತರ ದಶಕದುದ್ದಕ್ಕೂ ನಾನು ಮೆಟ್ರೊಪಾಲಿಟನ್ ಲೈನಿನ ರೈಲು ಹಿಡಿದು ಲಂಡನ್ನಿನ ನಡುವಿನ ಒಂದು ನಕಾಶೆ ಕಚೇರಿಗೆ ಹೋಗಿ, ಅಲ್ಲಿಂದ ಅಂಟಾರ್ಕ್ಟಿಕಾಕ್ಕೆ ಹೋಗುತ್ತಿದ್ದೆ. ಹಾರುವ ವಿಮಾನದಿಂದ ಒಂದೇ ಬೆಟ್ಟವನ್ನು ತುಸು ಬೇರೆ ಬೇರೆ ಜಾಗದಿಂದ ತೆಗೆದ ಎರಡು ಚಿತ್ರಗಳನ್ನು, ಎಡಗಣ್ಣಿಗೊಂದು ಬಲಗಣ್ಣಿಗೊಂದರಂತೆ ಯಂತ್ರದ ಮಸೂರಗಳ ಕೆಳಗಿಟ್ಟು ನೋಡಿದರೆ, ಚಪ್ಪಟೆ ಕಾಗದದಿಂದ ಟ್ರಾನ್ಸ್‌ಅಂಟಾರ್ಕ್ಟಿಕ್ ಶ್ರೇಣಿ ದಿಗ್ಗನೆ ಎದ್ದು ನಿಲ್ಲುತ್ತಿತ್ತು. ಖಂಡವನ್ನೇ ಅಡ್ಡಹಾಯ್ದು ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರು ಹಬ್ಬಿದ ಅದರ ಮೈ ಎಷ್ಟೋ ಕಡೆ ಹಿಮದಲ್ಲಿ ಹೂತಿದೆ. ಕಾಣುವುದು ಕುತ್ತಿಗೆಯ ಮೇಲಿನ ಕರಿಗಲ್ಲಷ್ಟೆ. ಬೆನ್ನಿಗೆ ಒರಗಿಕೊಂಡ ಪೂರ್ವದ ಹಿಮರಾಶಿ ಸಂದು ಸಿಕ್ಕಲ್ಲೆಲ್ಲ ಹಿಮನದಿಯಾಗಿ ಇಳಿಯುತ್ತದೆ, ಓಡಿಯಲ್ಲ, ತೆವಳಿ. ಮಸೂರದೊಳಗಿನ ಬೆಳಕಿನ ಚುಕ್ಕೆಯೊಂದನ್ನು ಇಳಿಜಾರಿಗೆ ತಾಗಿಸಿ, ನೆಲ ಬಿಟ್ಟು ಮೇಲೇಳದಂತೆ, ನೆಲದೊಳಗೆ ಮುಳುಗದಂತೆ ನಡೆಸಿದರೆ, ಯಂತ್ರಕ್ಕೆ ಜೋಡಿಸಿದ ಪೆನ್ಸಿಲು ಪಕ್ಕದ ಹಾಳೆಯಲ್ಲಿ ಸಮಾನ ಎತ್ತರದ ಗೆರೆ ಬರೆಯುತ್ತಿತ್ತು. ನೆರಳಿಲ್ಲದ ಬರಿಯ ಬಿಳುಪಿನಲ್ಲಿ ಚುಕ್ಕೆಗೆ ನೆಲವೇ ಸಿಗುತ್ತಿರಲಿಲ್ಲ; ಅಲ್ಲಿ ತುಂಡುಗೆರೆ ಎಳೆದು, ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ನಮ್ಮ ಕಚೇರಿಯ ಶಿಸ್ತು. ಬೇರೆ ಯಾವ ವಿಷಯದಲ್ಲೂ ನಾನು ಅಷ್ಟು ಪ್ರಾಮಾಣಿಕಳಾಗಿದ್ದಿಲ್ಲ.

ಅಲ್ಲಿಗೆ ಹೋಗಿಬಂದ ಭೂವಿಜ್ಞಾನಿಯೊಬ್ಬರು ಒಮ್ಮೆ ಕಚೇರಿಗೆ ಬಂದಿದ್ದರು. ಬಿರುಗಾಳಿಗೆ ಸಿಕ್ಕಿ ವಾರಗಟ್ಟಲೆ ಡೇರೆಯೊಳಗೇ ಕುಳಿತು, ನಾನು ದಿನವೂ ಅಡ್ಡಾಡುತ್ತಿದ್ದ ಕಣಿವೆಯನ್ನು ಕಾಣದೆಯೇ ಮರಳಿದವರು. ಅದು ಹೇಗಿದೆಯೆಂದು ನನ್ನನ್ನೇ ಕೇಳಿದರು. ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಕಾಣದಿದ್ದರೇನು, ಅವರ ಕಾಲಡಿ ಅದೇ ಹಿಮ ಇತ್ತಲ್ಲ.

ಹೊಸ ಶತಮಾನ ಬಂದ ಕೆಲವೇ ವರ್ಷಗಳಲ್ಲಿ ನನ್ನ ಎಡಗಣ್ಣಿನ ನರಕ್ಕೆ ರಕ್ತ ಹರಿಯುವುದು ನಿಂತಿತು. ಹೋದ ದೃಷ್ಟಿ ಬಾರದೆಂದು ಆಸ್ಪತ್ರೆಯವರು ಮೆಲ್ಲಗೆ ಹೇಳಿದರು. ಕೆಲಸ ಬಿಟ್ಟ ದಿನ ಜೊತೆಯವರು ನನ್ನ ಮೆಚ್ಚಿನ ಶಿಖರದ ಜೋಡಿ ಚಿತ್ರಗಳನ್ನೂ, ತಂತಿಕಾಲಿನ ಪುಟ್ಟ ಜೋಡಿಮಸೂರವನ್ನೂ ಕಟ್ಟಿಕೊಟ್ಟರು. ಪ್ರೀತಿಯಿಂದ ಕೊಟ್ಟದ್ದು, ಅದಕ್ಕೇ ಹೆಚ್ಚು ನೋವಾಯಿತು. ದಿನವೂ ಬಾಗಿ ನೋಡುತ್ತಿದ್ದೆ. ಬೆಟ್ಟ ಏಳಲಿಲ್ಲ.

“ಆ ಗುಡ್ಡದ ಹುಚ್ಚು ನಿಂಗೆ ಇನ್ನೂ ಬಿಡ್ಲಿಲ್ವಾ ಮಾರಾಯ್ತಿ?” ಎಂದರು ನನ್ನವರು, ಲಂಡನ್ನಿಗೆ ಬಂದರೂ ಮಂಗಳೂರಿನ ಮಾತು ಬಿಡದವರು.

“ಅದೇ ನನ್ನನ್ನು ಬಿಟ್ಟದ್ದಲ್ವಾ?” ಎಂದೆ.

ಬಿಟ್ಟುಬಂದ ಊರಿಗಾಗಿ ಹಂಬಲಿಸಿದರೆ ಇಲ್ಲಿನ ನಮ್ಮವರಿಗೆಲ್ಲ ಅರ್ಥವಾಗುತ್ತದೆ, ಕೂರಿಸಿ ಸಮಾಧಾನವನ್ನೂ ಹೇಳುತ್ತಾರೆ. ಎಂದೂ ಕಾಲಿಡದ ಬೆಟ್ಟಕ್ಕಾಗಿ ಹಂಬಲಿಸುವವಳಿಗೆ ಯಾರು ಏನು ಹೇಳಿಯಾರು? ಅದನ್ನು ಇನ್ನೊಮ್ಮೆ, ಒಂದೇ ಒಂದು ಸಲ, ಎದ್ದು ನಿಂತದ್ದನ್ನು ನೋಡಬೇಕೆಂಬ ಆಸೆ ನನ್ನನ್ನು ಮನೆಗೆಲಸದ ನಡುವೆಯೂ ಹಿಂಡುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಒಂಬತ್ತು ವರ್ಷದ ಮಗಳು ಮಾನಸಿ ಮಸೂರದ ಮೇಲೆ ಬಗ್ಗಿದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

“ಎಂತ ಕಾಣ್ತದೆ ಮಗಾ?”

“ಜಸ್ಟ್ ಟೂ ಫೋಟೋಸ್, ಅಮ್ಮ.”

ಚಿತ್ರವೊಂದನ್ನು ಕೂದಲೆಳೆಯಷ್ಟು ಸರಿಸಿದೆ. ಎಷ್ಟೆಂದು ಕೈಗೆ ಇನ್ನೂ ನೆನಪಿತ್ತು.

“ಓ ಮೈ ಗಾಡ್! ಇಟ್ಸ್ ಹ್ಯೂಜ್!”

ತೋರುಬೆರಳನ್ನು ಮಸೂರದ ಕೆಳಗೆ ತೂರಿಸಿ, ಕಾಗದ ಮುಟ್ಟುವ ಮೊದಲೇ ಗಾಳಿಯಲ್ಲಿ ನಿಲ್ಲಿಸಿದಳು. “ದಿಸ್ ಈಸ್ ದ ಟಾಪ್. ರೈಟ್ ಹಿಯರ್.”

ಮೇಜಿನ ಮಟ್ಟಕ್ಕೆ ತಲೆ ತಗ್ಗಿಸಿ ನಾನು ಪಕ್ಕದಿಂದ ನೋಡಿದೆ. ಕಾಗದಕ್ಕೂ ಅವಳ ಬೆರಳ ತುದಿಗೂ ನಡುವೆ ಎರಡಂಗುಲ ಬರಿಯ ಗಾಳಿ. ಅದನ್ನು ನೋಡಲು ಒಂದು ಕಣ್ಣು ಸಾಕಿತ್ತು.

“ಬೆರಳು ತೆಗೀಬೇಡ ಮಗಾ,” ಎಂದೆ. “ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಇಡು.”